ಅಡಿಕೆ ಬಿಲ್ಲಿನ ಆರುನೂರು ಸಾಲು

ಶಿರಸಿಯ ಒಂದು ಅಡಿಕೆ ವ್ಯಾಪಾರದ ಸಂಸ್ಥೆಯ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಒಬ್ಬರೇ ಬರೆದದ್ದಲ್ಲ. ಶುರು ಮಾಡಿದವರು ಹುಬ್ಬಳ್ಳಿಯವರು. ಆಮೇಲೆ ಊರಿನ ಇಬ್ಬರು ಹುಡುಗರು ಕೈ ಹಾಕಿದರು, ಬೆಂಗಳೂರಿಗೆ ಹೋದರು. ಕೊನೆಗೆ ನನಗೆ ಬಂತು. ಅದರೊಳಗೆ 'ಮೇಕ್‌ಬಿಲ್' ಅಂತ ಒಂದು ಮೆಥಡ್ ಇತ್ತು, ಅಂದರೆ ಒಂದು ಕೆಲಸಕ್ಕೆ ಹೆಸರು ಕೊಟ್ಟು ಬರೆದ ಕೋಡಿನ ತುಂಡು. ಆರುನೂರು ಸಾಲಿಗಿಂತ ಜಾಸ್ತಿ. ಎಲ್ಲರೂ ಅದರೊಳಗೆ ಒಂದೊಂದು 'ಇಫ್' (ಹೀಗಿದ್ದರೆ ಹೀಗೆ ಮಾಡು ಅನ್ನುವ ಸಾಲು) ಸೇರಿಸಿ ಹೊರಗೆ ಬಂದಿದ್ದರು, ಯಾರೂ ಏನೂ ತೆಗೆದಿರಲಿಲ್ಲ.

ಸಂಸ್ಥೆಯವರು ಕೇಳಿದ ಬದಲಾವಣೆ ಸಣ್ಣದು. ರೈತರ ಬಿಲ್ಲಿನಲ್ಲಿ ಚೀಲದ ತೂಕ ಎಷ್ಟು ಕಳೆದಿದೆ ಅಂತ ಬೇರೆ ಸಾಲಿನಲ್ಲಿ ತೋರಿಸಬೇಕು. ಅಲ್ಲಿಯವರೆಗೆ ಕಳೆದು ಉಳಿದ ತೂಕ ಮಾತ್ರ ಅಚ್ಚಾಗುತ್ತಿತ್ತು. 'ಕಾಟಾದಲ್ಲಿ ಜಾಸ್ತಿ ಇತ್ತಲ್ಲ' ಅಂತ ಕೌಂಟರ್‌ನಲ್ಲಿ ದಿನಾ ಕೇಳುವವರು ಇದ್ದರು. ಅರ್ಧ ಗಂಟೆಯ ಕೆಲಸ ಅಂತ ಕೋಡ್ ತೆಗೆದರೆ, ಚೀಲದ ತೂಕ ಕಳೆಯುವ ಜಾಗ ನಾಲ್ಕು ಕಡೆ ಇತ್ತು. ಅಡಿಕೆಯ ಜಾತಿಗಳಾದ ರಾಶಿ, ಚಾಲಿ, ಬೆಟ್ಟೆಗೆ ಒಂದು. ಕಾಳುಮೆಣಸಿಗೆ ಒಂದು. ಹಳೇ ಬಿಲ್ಲನ್ನು ಮತ್ತೆ ಅಚ್ಚು ಹಾಕುವಾಗ ಇನ್ನೊಂದು. ನಾಲ್ಕನೆಯದು ಯಾವಾಗ ನಡೆಯುತ್ತದೆ ಅಂತ ಓದಿ ಹೇಳುವ ಹಾಗೇ ಇರಲಿಲ್ಲ. 'ಫ್ಲ್ಯಾಗ್2' ನಿಜವಾಗಿದ್ದು, 'ಟೈಪ್' ಮೂರಲ್ಲದಿದ್ದು, ದಿನಾಂಕ ಯಾವುದೋ ಒಂದಕ್ಕಿಂತ ಹಿಂದಿದ್ದರೆ ಅದು ನಡೆಯುತ್ತಿತ್ತು. ಆ ದಿನಾಂಕ ಯಾಕೆ, ಎಲ್ಲೂ ಬರೆದಿಲ್ಲ.

ನಾಲ್ಕು ಕಡೆಯೂ ಒಂದೊಂದು ಸಾಲು ಸೇರಿಸಿ ಮುಗಿಸಬಹುದಿತ್ತು. ಮುಂದಿನ ಸೀಸನ್ನಿಗೆ ಮತ್ತೆ ಇದೇ ಪಾಡು. ಮಳೆಗಾಲದಲ್ಲಿ ಕೌಂಟರ್‌ನಲ್ಲಿ ಗಡಿಬಿಡಿ ಕಡಿಮೆ. ಮೆಥಡ್ ಒಡೆದು ಸರಿ ಮಾಡುತ್ತೇನೆ, ಲೆಕ್ಕ ಒಂದು ಪೈಸೆಯೂ ಬದಲಾಗುವುದಿಲ್ಲ ಅಂತ ಹೇಳಿ ಒಪ್ಪಿಸಿದೆ. 'ಲೆಕ್ಕ ಬದಲಾಗೋದಿಲ್ಲ ಅಂದ್ರೆ ಮತ್ತೆ ಎಂತಕ್ಕೆ ದುಡ್ಡು?' ಅಂತ ಕೇಳಿದರು. ರಿಫ್ಯಾಕ್ಟರಿಂಗ್, ಅಂದರೆ ಉತ್ತರ ಬದಲಾಗದ ಹಾಗೆ ಕೋಡನ್ನು ಒಳಗಿಂದ ಸರಿ ಮಾಡುವ ಕೆಲಸ, ಮಾಡುವ ಎಲ್ಲರೂ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಚೀಲದ ತೂಕದ ಸಾಲಿನ ಜೊತೆಗೇ ಸೇರಿಸಿ ದರ ಹೇಳಿದೆ. ಬೇರೆ ಬಿಲ್ ಮಾಡಲಿಲ್ಲ.

ಮೊದಲು ಸುಮ್ನೆ ಓದಿದೆ. ಏನೂ ಮುಟ್ಟಲಿಲ್ಲ. ಇಂಥ ಮೆಥಡ್ ನೋಡಿದ ಕೂಡಲೇ ಉದ್ದದ ಮೇಲೆ ಸಿಟ್ಟು ಬರುತ್ತದೆ. ಆದರೆ ಓದುತ್ತಾ ಹೋದಾಗ ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು 'ಅಮೌಂಟ್' ಅನ್ನುವ ಒಂದು ವೇರಿಯಬಲ್, ಅಂದರೆ ಕೋಡಿನಲ್ಲಿ ಒಂದು ಅಂಕಿಯನ್ನು ಇಟ್ಟುಕೊಳ್ಳುವ ಹೆಸರು. ಮೇಲೆ ಅದು ಲಾಟಿನ, ಅಂದರೆ ಮಾರಾಟಕ್ಕೆ ಬೇರೆ ಮಾಡಿ ಇಟ್ಟ ಒಂದು ಗುಂಪು ಮಾಲಿನ, ಒಟ್ಟು ಬೆಲೆ. ಎಂಬತ್ತು ಸಾಲು ಕೆಳಗೆ ಎಲ್ಲ ಲಾಟು ಕೂಡಿದ ಮೊತ್ತ. ಇನ್ನೂ ಕೆಳಗೆ ಹಮಾಲಿ ಕಳೆದ ಮೊತ್ತ. ಅದರಾಚೆ ಸಾಲದ ಬಾಬ್ತು ಕಳೆದು ರೈತರ ಕೈಗೆ ಸಿಗುವ ಮೊತ್ತ. ಹೆಸರು ಒಂದೇ. ನಾನೂರನೇ ಸಾಲಿನಲ್ಲಿ ನಿಂತು ಈ 'ಅಮೌಂಟ್' ಈಗ ಯಾವುದು ಅಂತ ತಿಳಿಯಬೇಕಾದರೆ ಮೇಲಿನ ನಾನೂರು ಸಾಲನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಇದರ ಜೊತೆ ಐದು ತರದ ಕೆಲಸ ಒಂದರ ಮೇಲೊಂದು ಹೊಸೆದುಕೊಂಡಿತ್ತು. ಡೇಟಾಬೇಸಿನಿಂದ ಓದುವುದು, ತೂಕ, ಕಡಿತ, ಮತ್ತೆ ಡೇಟಾಬೇಸಿಗೆ ಬರೆಯುವುದು, ಪ್ರಿಂಟರಿಗೆ ಕಳಿಸುವುದು. ಲಾಟಿನ ಲೂಪ್ (ಪ್ರತಿ ಲಾಟಿಗೂ ಮತ್ತೆ ಮತ್ತೆ ನಡೆಯುವ ಕೋಡು) ಒಳಗೇ, ಡೇಟಾಬೇಸಿನಲ್ಲಿ ಸಾಲದ ಖಾತೆ ಕೇಳುವ ಕ್ವೆರಿ ಇತ್ತು. ಒಂದು ಬಿಲ್ಲಿನಲ್ಲಿ ಎಷ್ಟು ಲಾಟೋ ಅಷ್ಟು ಸಲ ಅದೇ ಕ್ವೆರಿ.

ಉತ್ತರ ಸರಿಯೇ ಅಂತ ತಾನೇ ಪರೀಕ್ಷಿಸುವ ಕೋಡು, ಅಂದರೆ ಟೆಸ್ಟ್, ಒಂದೂ ಇರಲಿಲ್ಲ. ಟೆಸ್ಟ್ ಇಲ್ಲದೆ ಇಂಥದ್ದಕ್ಕೆ ಕೈ ಹಾಕಬಾರದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸರಿಯಾದ ಉತ್ತರ ಯಾವುದು ಅಂತಲೇ ಗೊತ್ತಿಲ್ಲದಾಗ ಟೆಸ್ಟ್ ಬರೆಯುವುದು ಹೇಗೆ? ಇದಕ್ಕೆ, ಹಳೇ ಕೋಡನ್ನು ಸರಿ ಮಾಡುವ ಬಗ್ಗೆ ಪುಸ್ತಕ ಬರೆದ ಮೈಕೆಲ್ ಫೆದರ್ಸ್ ಹೇಳಿಕೊಟ್ಟ ದಾರಿ ಇದೆ. ಅವರು ಅದನ್ನು ಕ್ಯಾರಕ್ಟರೈಸೇಶನ್ ಟೆಸ್ಟ್ ಅಂದರು. ಕೋಡ್ ಏನು ಮಾಡಬೇಕು ಅಂತ ಕೇಳುವುದಿಲ್ಲ. ಈಗ ಏನು ಮಾಡುತ್ತಿದೆಯೋ ಅದನ್ನೇ ಹಿಡಿದಿಡುತ್ತದೆ. ಸರಿಯೋ ತಪ್ಪೋ ಆಮೇಲೆ.

ಹಾಗೇ ಮಾಡಿದೆ. ಡೇಟಾಬೇಸಿನ ಒಂದು ಪ್ರತಿ ತೆಗೆದು, ರೈತರ ಹೆಸರು, ಖಾತೆ ನಂಬರ್ ಅಳಿಸಿ, ಹಳೇ ಬಿಲ್ಲುಗಳನ್ನು ಹಳೇ ಮೆಥಡ್‌ನಿಂದಲೇ ಮತ್ತೆ ಲೆಕ್ಕ ಹಾಕಿಸಿದೆ. ಬಂದ ಉತ್ತರವನ್ನೆಲ್ಲ ಫೈಲಿನಲ್ಲಿ ಇಟ್ಟೆ. ಮುಂದೆ ಏನೇ ಬದಲಾಯಿಸಿದರೂ ಅದೇ ಬಿಲ್ಲುಗಳನ್ನು ಮತ್ತೆ ಓಡಿಸಿ ಪೈಸೆ ಪೈಸೆ ತಾಳೆ ನೋಡುವುದು. ಬಿಲ್ಲುಗಳನ್ನು ಕಣ್ಣುಮುಚ್ಚಿ ಆರಿಸಲಿಲ್ಲ. ಕೆಂಪುಗೋಟು, ಬಿಳೆಗೋಟು, ತಟ್ಟಿಬೆಟ್ಟೆ ಸೇರಿ ಎಲ್ಲ ಜಾತಿಯದೂ ಬರಬೇಕು. ಸಾಲ ಇದ್ದವರು, ಇಲ್ಲದವರು. ಒಂದೇ ಲಾಟಿನ ಬಿಲ್, ಹತ್ತಾರು ಲಾಟಿನ ಬಿಲ್. ರದ್ದಾದ ಬಿಲ್ ಕೂಡ. ತೆರಿಗೆ ನಿಯಮ ಬದಲಾದ ದಿನಾಂಕಗಳ ಆಚೆ ಈಚೆಯದು ಬೇಕೇ ಬೇಕು.

ಮೊದಲ ಓಟದಲ್ಲೇ ಹಳೇ ಮೆಥಡ್ ತನ್ನ ಉತ್ತರಕ್ಕೆ ತಾನೇ ತಾಳೆಯಾಗಲಿಲ್ಲ. ಒಳಗೆಲ್ಲೋ 'ಇವತ್ತಿನ ದಿನಾಂಕ' ಕೇಳುವ ಸಾಲಿತ್ತು. ನಿನ್ನೆ ಓಡಿಸಿದರೆ ಒಂದು ಉತ್ತರ, ಇವತ್ತು ಇನ್ನೊಂದು. ದಿನಾಂಕವನ್ನು ಹೊರಗಿನಿಂದ ಪ್ಯಾರಾಮೀಟರ್ ಆಗಿ ಕೊಡುವ ಹಾಗೆ ಮಾಡಿದೆ. ಪ್ರಿಂಟರ್ ಮತ್ತು ಸೇವ್ ಮಾಡುವ ಸಾಲುಗಳನ್ನು ಒಂದು ಇಂಟರ್‌ಫೇಸ್ ಹಿಂದೆ ಸರಿಸಿದೆ, ಟೆಸ್ಟ್ ಓಡುವಾಗ ಅವು ಏನೂ ಮಾಡಬಾರದು ಅಂತ. ಟೆಸ್ಟ್ ಇಲ್ಲದೆ ಮುಟ್ಟಿದ್ದು ಇಷ್ಟೇ. ಎರಡೆರಡು ಸಲ ಕಣ್ಣಲ್ಲಿ ನೋಡಿ ಮುಟ್ಟಿದೆ.

ಇಲ್ಲಿ ಒಂದು ವಿಷಯ ಬಂತು, ನನಗೆ ತುಂಬ ಇಷ್ಟವಾದದ್ದು. ಹಳೇ ಕೋಡ್ ಪ್ರತಿ ಲಾಟಿನ ಬೆಲೆಯನ್ನೂ ಪೈಸೆಗೆ ರೌಂಡ್ ಮಾಡಿ ಆಮೇಲೆ ಕೂಡುತ್ತಿತ್ತು. ಉದಾಹರಣೆಗೆ 61.35 ಕಿಲೋ ರಾಶಿ, ಕ್ವಿಂಟಾಲಿಗೆ 47,099 ರೂಪಾಯಿ ದರ ಅಂದುಕೊಳ್ಳಿ. 28,895.2365 ಆಗುತ್ತದೆ. ಇನ್ನೊಂದು ಲಾಟು 38.45 ಕಿಲೋ ಬಿಳೆಗೋಟು, ದರ 31,299. ಅದು 12,034.4655. ಕೂಡಿ ಆಮೇಲೆ ರೌಂಡ್ ಮಾಡಿದರೆ 40,929.70. ರೌಂಡ್ ಮಾಡಿ ಆಮೇಲೆ ಕೂಡಿದರೆ 40,929.71. ಓದಿದ ಕೂಡಲೇ 'ಇದು ಬಗ್' ಅಂತ ಅನ್ನಿಸುತ್ತದೆ, ಅಲ್ವಾ? ಕೊನೆಗೆ ಒಂದೇ ಸಲ ರೌಂಡ್ ಮಾಡಬೇಕು ಅಂತ ತಾನೇ ಎಲ್ಲ ಕಡೆ ಹೇಳಿಕೊಡುವುದು.

ಅಲ್ಲಿ ಲೆಕ್ಕ ನೋಡುವ ಹಿರಿಯರೊಬ್ಬರಿದ್ದಾರೆ. ಕಂಪ್ಯೂಟರ್ ಬರುವ ಮೊದಲು ಕೈಯಲ್ಲೇ ಬಿಲ್ ಬರೆದವರು. ಅವರ ಹತ್ತಿರ ಕೇಳಿದೆ, 'ಮಾವ, ಇದು ಹೀಂಗೇ ಇರವಾ?' ಅಂತ.

'ತಮಾ, ಒಂದು ಲಾಟು ಒಬ್ಬಂಗೆ ಹೋಗ್ತು, ಇನ್ನೊಂದು ಮತ್ತೊಬ್ಬಂಗೆ. ಅವ್ರು ಕೊಡದು ಅವ್ರವ್ರ ಲಾಟಿನ ದುಡ್ಡು. ಎಲ್ಲಾ ಕೂಡಿ ಆದ್ಮೇಲೆ ರೌಂಡ್ ಮಾಡಿರೆ, ಆ ಒಂದು ಪೈಸೆ ಯಾರ ಹತ್ರ ಕೇಳದು?'

ನಿಜ. ಇಲ್ಲಿ ಅಡಿಕೆ ಟೆಂಡರ್‌ನಲ್ಲಿ ಹೋಗುತ್ತದೆ. ರೈತರ ಮಾಲನ್ನು ಲಾಟ್ ಮಾಡಿ ಇಡುತ್ತಾರೆ, ಖರೀದಿದಾರರು ಲಾಟ್ ಲಾಟಿಗೂ ದರ ಬರೆಯುತ್ತಾರೆ, ಹೆಚ್ಚು ಬರೆದವರಿಗೆ ಆ ಲಾಟು. ಒಬ್ಬ ರೈತರ ಮೂರು ಲಾಟಿಗೆ ಮೂವರು ಖರೀದಿದಾರರು ಇರಬಹುದು. ರೈತರ ಬಿಲ್ಲಿನ ಮೊತ್ತವೂ ಖರೀದಿದಾರರ ಬಿಲ್ಲುಗಳ ಮೊತ್ತವೂ ತಾಳೆಯಾಗಬೇಕಾದರೆ ಲಾಟಿನ ಮಟ್ಟದಲ್ಲೇ ರೌಂಡ್ ಆಗಬೇಕು. ಬಗ್ ಅಲ್ಲವೇ ಅಲ್ಲ. ವ್ಯಾಪಾರದ ನಿಯಮ ಅದು. ಕೋಡಿನಲ್ಲಿ ಮಾತ್ರ ಅದು ನಿಯಮ ಅಂತ ಗೊತ್ತಾಗುವ ಹಾಗಿರಲಿಲ್ಲ. ಈಗ 'ಲಾಟಿನ ಬೆಲೆ' ಅನ್ನುವ ಮೆಥಡ್ ಒಳಗೆ ರೌಂಡಿಂಗ್ ಇದೆ, ಮೇಲೆ ಎರಡು ಸಾಲಿನ ಕಾಮೆಂಟ್ ಇದೆ. ಯಾಕೆ ಅಂತ ಹೇಳುವ ಕಾಮೆಂಟ್ ಇರಲಿ ಅಂತ ನನ್ನ ಪಕ್ಷ.

ನಿಜವಾದ ಬಗ್ ಕೂಡ ಇತ್ತು. ದುಡ್ಡನ್ನು 'ಡಬಲ್'ನಲ್ಲಿ, ಅಂದರೆ ದಶಮಾಂಶವನ್ನು ಹೆಚ್ಚುಕಡಿಮೆ ಮಾತ್ರ ಹಿಡಿಯುವ ಸಂಖ್ಯೆಯ ಬಗೆಯಲ್ಲಿ, ಇಟ್ಟಿದ್ದರು. 1.005 ಅನ್ನು ಡಬಲ್‌ನಲ್ಲಿ 100ರಿಂದ ಗುಣಿಸಿದರೆ 100.5 ಬರುವುದಿಲ್ಲ, 100.49999999999999 ಬರುತ್ತದೆ. ರೌಂಡ್ ಮಾಡಿದರೆ ಒಂದು ಪೈಸೆ ಹೋಯಿತು. 'ಬಿಗ್‌ಡೆಸಿಮಲ್' (ದಶಮಾಂಶವನ್ನು ಸರಿಯಾಗಿ ಹಿಡಿಯುವ ಬಗೆ) ಹಾಕಲು ಕೈ ತುರಿಸುತ್ತಿತ್ತು. ಬೇರೆ ಚೀಟಿಯಲ್ಲಿ ಬರೆದಿಟ್ಟು ಬಿಟ್ಟೆ. ಒಡೆಯುವುದನ್ನೂ ಉತ್ತರ ಬದಲಿಸುವುದನ್ನೂ ಒಟ್ಟಿಗೆ ಮಾಡಿದರೆ, ತಾಳೆ ತಪ್ಪಿದಾಗ ಯಾವುದರಿಂದ ತಪ್ಪಿತು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಆಮೇಲೆ ಒಡೆಯುವ ಕೆಲಸ. ಕಾಮೆಂಟ್ ಮಾಡಿ ಬಿಟ್ಟಿದ್ದ ಸತ್ತ ಕೋಡನ್ನು ಮೊದಲು ಅಳಿಸಿದೆ. ಕೋಡಿನ ಹಳೇ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ನಲ್ಲಿ ಹಳೆಯದು ಇದ್ದೇ ಇದೆ. ಅಷ್ಟಕ್ಕೇ ನೂರರ ಹತ್ತಿರ ಸಾಲು ಕಡಿಮೆಯಾಯಿತು.

ಕೋಡ್ ಬರೆಯಲು ಬಳಸುವ ಇಂಟೆಲಿಜೆ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಾಲುಗಳನ್ನು ಆರಿಸಿ ಕಂಟ್ರೋಲ್, ಆಲ್ಟ್, ಎಂ ಒತ್ತಿದರೆ ಅದೇ ಹೊಸ ಮೆಥಡ್ ಮಾಡಿಕೊಡುತ್ತದೆ. ಎಕ್ಸ್‌ಟ್ರಾಕ್ಟ್ ಮೆಥಡ್ ಅಂತ ಇದಕ್ಕೆ ಹೆಸರು. ಆದರೆ ಈ ಮೆಥಡ್‌ನಲ್ಲಿ ಎಲ್ಲಿ ಒತ್ತಿದರೂ ಅದು ತಕರಾರು ಮಾಡುತ್ತಿತ್ತು. ಆರಿಸಿದ ತುಂಡಿನಿಂದ ಒಂದಕ್ಕಿಂತ ಹೆಚ್ಚು ವೇರಿಯಬಲ್ ಬದಲಾಗಿ ಹೊರಗೆ ಬರುತ್ತಿದೆ ಅಂತ. ಜಾವಾ ಮೆಥಡ್ ಹಿಂದಕ್ಕೆ ಕೊಡುವುದು ಒಂದೇ ಉತ್ತರ. ಈ ತಕರಾರನ್ನು ನಾನು ಬೈಯುವುದಿಲ್ಲ. ಕತ್ತರಿಸಲು ಇದು ಜಾಗ ಅಲ್ಲ ಅಂತ ಅದು ಹೇಳುತ್ತಿದೆ. ಮಾಂಸ ಕಡಿಯುವವರು ಮೂಳೆಯ ಮೇಲೆ ಹೊಡೆಯುವುದಿಲ್ಲ, ಗಂಟು ಎಲ್ಲಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ ಅಲ್ಲಿ ಕತ್ತಿ ಇಡುತ್ತಾರಲ್ಲ, ಹಾಗೆ.

ಹಾಗಾಗಿ ಒಡೆಯುವ ಮೊದಲು 'ಅಮೌಂಟ್'ಗೆ ಬಿಡುಗಡೆ ಕೊಟ್ಟೆ. ಅದಕ್ಕೆ ಹೊಸ ಅಂಕಿ ಕೊಡುವ ಪ್ರತಿ ಜಾಗದಲ್ಲೂ ಹೊಸ ಹೆಸರಿನ ವೇರಿಯಬಲ್. ಲಾಟಿನ ಬೆಲೆ, ಒಟ್ಟು ಬೆಲೆ, ಖರ್ಚು ಕಳೆದ ಮೊತ್ತ, ಕೈಗೆ ಸಿಗುವ ಮೊತ್ತ. ಎಲ್ಲಕ್ಕೂ 'ಫೈನಲ್' ಹಾಕಿದೆ, ಎರಡನೇ ಸಲ ಅಂಕಿ ಬದಲಿಸಿದರೆ ಕೋಡನ್ನು ಯಂತ್ರಕ್ಕೆ ತರ್ಜುಮೆ ಮಾಡುವ ಕಂಪೈಲರೇ ಬೈಯಲಿ ಅಂತ. ಒಂದು ಮೆಥಡ್ ಕೂಡ ಇನ್ನೂ ಒಡೆದಿರಲಿಲ್ಲ. ಆದರೂ ಅರ್ಧಕ್ಕರ್ಧ ಅರ್ಥವಾಗತೊಡಗಿತು. ಉದ್ದ ಮೆಥಡ್ ಒಡೆಯುವ ಬಗ್ಗೆ ಮಾತಾಡುವವರು ಈ ಹೆಜ್ಜೆಯನ್ನು ಬೇಗ ದಾಟಿ ಹೋಗುತ್ತಾರೆ. ನನಗೆ ಮಾತ್ರ ಅತಿ ಹೆಚ್ಚು ಉಪಯೋಗವಾದದ್ದು ಇದೇ.

ಆಮೇಲೆ ಗೂಡು ಗೂಡಾಗಿದ್ದ 'ಇಫ್'ಗಳು. ಬಿಲ್ ರದ್ದಾಗಿಲ್ಲದಿದ್ದರೆ, ಲಾಟು ಇದ್ದರೆ, ದರ ಸೊನ್ನೆ ಅಲ್ಲದಿದ್ದರೆ, ಹೀಗೆ ಒಳಗೆ ಒಳಗೆ ಹೋಗಿ ಕೋಡು ಪರದೆಯ ಬಲಗಡೆಗೆ ಓಡಿತ್ತು. ತಿರುಗಿಸಿ ಬರೆದೆ. ರದ್ದಾಗಿದ್ದರೆ ಇಲ್ಲೇ ವಾಪಸ್. ಲಾಟು ಇಲ್ಲದಿದ್ದರೆ ವಾಪಸ್. ಬಾಗಿಲಲ್ಲೇ ಇವನ್ನೆಲ್ಲ ಮುಗಿಸಿದರೆ ಉಳಿದ ಕೋಡು ಎಡಗಡೆಗೆ ಬಂದು ನೆಟ್ಟಗೆ ನಿಲ್ಲುತ್ತದೆ.

ಲೂಪ್ ಒಂದೇ ಇತ್ತು. ಅದರಲ್ಲಿ ತೂಕ, ಬೆಲೆ, ಹಮಾಲಿ ಮೂರೂ ನಡೆಯುತ್ತಿತ್ತು. ಮೂರು ಲೂಪ್ ಮಾಡಿದೆ. 'ಮೂರು ಸಲ ತಿರುಗಿದರೆ ನಿಧಾನ ಆಗೋದಿಲ್ವಾ?' ಅಂತ ಜೊತೆಗಿದ್ದ ಹುಡುಗ ಕೇಳಿದ. ಒಂದು ಬಿಲ್ಲಿನಲ್ಲಿ ಇರುವ ಲಾಟು ಬೆರಳಲ್ಲಿ ಎಣಿಸುವಷ್ಟು. ಮೂರು ಸಲ ತಿರುಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ನಿಧಾನ ಮಾಡುತ್ತಿದ್ದದ್ದು ಲೂಪ್ ಒಳಗಿನ ಆ ಸಾಲದ ಕ್ವೆರಿ. ಲೂಪ್ ಬೇರೆಯಾದ ಮೇಲೆ ಅದು ತಾನಾಗಿಯೇ ಹೊರಗೆ ಬಂದು ಒಂದೇ ಸಲ ನಡೆಯತೊಡಗಿತು. ಬಿಲ್ ಬೇಗ ಬರುತ್ತಿದೆ ಅಂತ ಕೌಂಟರಿನವರೇ ಹೇಳಿದರು. ಆರುನೂರು ಸಾಲು ಒಡೆದದ್ದರಲ್ಲಿ ಅವರ ಕಣ್ಣಿಗೆ ಕಂಡದ್ದು ಅದೊಂದೇ.

ಎಲ್ಲಿ ಒಡೆಯಬೇಕು ಅನ್ನುವುದಕ್ಕೆ ಸಾಲಿನ ಲೆಕ್ಕ ನೋಡಲಿಲ್ಲ. ಇಪ್ಪತ್ತು ಸಾಲು ದಾಟಬಾರದು, ಪರದೆ ದಾಟಬಾರದು ಅಂತ ಬೇರೆ ಬೇರೆಯವರು ಬೇರೆ ಬೇರೆ ಹೇಳುತ್ತಾರೆ. 1976ರಲ್ಲಿ ಥಾಮಸ್ ಮೆಕೇಬ್ ಕೋಡಿನಲ್ಲಿ ಎಷ್ಟು ಕವಲು ದಾರಿ ಇದೆ ಅಂತ ಎಣಿಸುವ ಒಂದು ಅಳತೆ ಕೊಟ್ಟರು, 10 ದಾಟಿದರೆ ಎಚ್ಚರ ಅಂದರು. ನಮ್ಮ ಮೆಥಡ್ ನೂರನ್ನು ಯಾವಾಗಲೋ ದಾಟಿತ್ತು. ರೋಗ ಇದೆ ಅಂತ ಹೇಳಲು ಆ ಅಂಕಿ ಸಾಕು. ಎಲ್ಲಿ ಕೊಯ್ಯಬೇಕು ಅಂತ ಅದು ಹೇಳುವುದಿಲ್ಲ. ರಿಫ್ಯಾಕ್ಟರಿಂಗ್ ಬಗ್ಗೆ ಪುಸ್ತಕ ಬರೆದ ಮಾರ್ಟಿನ್ ಫೌಲರ್ ಹೇಳುವ ಅಳತೆ ನನಗೆ ಹೆಚ್ಚು ಒಗ್ಗುತ್ತದೆ. ಒಂದು ತುಂಡು ಕೋಡು ಏನು ಮಾಡುತ್ತಿದೆ ಅಂತ ತಿಳಿಯಲು ತಿಣುಕಬೇಕಾದರೆ ಅದನ್ನು ಹೊರಗೆ ತೆಗೆದು, ಅದು ಮಾಡುವುದೇನೋ ಅದನ್ನೇ ಹೆಸರಿಡಿ ಅಂತ. ಉದ್ದ ಎಷ್ಟು ಅನ್ನುವ ಪ್ರಶ್ನೆಯೇ ಇಲ್ಲ.

ಏನು ಮಾಡುತ್ತದೆ ಅನ್ನುವುದಕ್ಕೆ ಹೆಸರು ನನ್ನಲ್ಲಿ ಇರಲಿಲ್ಲ, ಕೌಂಟರ್‌ನಲ್ಲಿ ಇತ್ತು. ಆ ಹಿರಿಯರ ಹತ್ತಿರ ಕೈಯಲ್ಲಿ ಬಿಲ್ ಹೇಗೆ ಬರೆಯುತ್ತಿದ್ದಿರಿ ಅಂತ ಕೇಳಿ, ಅವರು ಹೇಳಿದ ಕ್ರಮದಲ್ಲೇ ಬರೆದುಕೊಂಡೆ. ಕಾಟಾ ತೂಕ ಬರಿ. ಚೀಲದ ತೂಕ ಕಳೆ. ದರ ಹಾಕು. ಲಾಟು ಕೂಡು. ಹಮಾಲಿ, ಲಾರಿ ಬಾಡಿಗೆ ತೆಗಿ. ಉಳಿದದ್ದರಲ್ಲಿ ಸಾಲದ ಬಾಬ್ತು ಹಿಡಿ. ಮಿಕ್ಕಿದ್ದು ಖಾತೆಗೆ. ಮೆಥಡ್‌ಗಳ ಹೆಸರು, ಗಡಿ ಎರಡೂ ಇದರಲ್ಲೇ ಇತ್ತು. ಇಲ್ಲಿ ಕತ್ತರಿಸಿದಾಗ ಇಂಟೆಲಿಜೆ ಕೂಡ ತಕರಾರು ಮಾಡಲಿಲ್ಲ. ಒಂದು ಒಳಗೆ ಹೋಗುತ್ತದೆ, ಒಂದು ಹೊರಗೆ ಬರುತ್ತದೆ.

ಒಂದು ಕಡೆ ಆಸೆ ಹುಟ್ಟಿಸುವ ಒಳದಾರಿ ಇತ್ತು. ಎಲ್ಲ ಲೋಕಲ್ ವೇರಿಯಬಲ್‌ಗಳನ್ನೂ ಕ್ಲಾಸಿನ ಫೀಲ್ಡ್ (ಎಲ್ಲ ಮೆಥಡ್‌ಗಳೂ ಮುಟ್ಟಬಹುದಾದ ವೇರಿಯಬಲ್) ಮಾಡಿಬಿಟ್ಟರೆ ಪ್ಯಾರಾಮೀಟರ್ ಗೋಜೇ ಇಲ್ಲ, ಎಲ್ಲಿ ಬೇಕಾದರೂ ಕತ್ತರಿಸಬಹುದು. ಸಣ್ಣ ಸಣ್ಣ ಮೆಥಡ್ ಬರುತ್ತವೆ, ನೋಡಲು ಚೆಂದ. ಆದರೆ ಯಾವುದು ಮೊದಲು ನಡೆಯಬೇಕು ಅನ್ನುವುದು ಮರೆಯಾಗುತ್ತದೆ. ಸಾಲದ ಬಾಬ್ತನ್ನು ಉಳಿದ ಮೊತ್ತಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಅಂದರೆ ಹಮಾಲಿ, ಬಾಡಿಗೆ ಕಳೆದ ಮೇಲೆಯೇ ಸಾಲದ ಲೆಕ್ಕ. ನಾಳೆ ಯಾರೋ ಆ ಎರಡು ಸಾಲು ಮೇಲೆ ಕೆಳಗೆ ಮಾಡಿದರೆ ಕಂಪೈಲರ್ ಸುಮ್ಮನಿರುತ್ತದೆ, ಬಿಲ್ ತಪ್ಪುತ್ತದೆ. 'ಖರ್ಚು ಕಳೆದ ಮೊತ್ತ'ವನ್ನು ಸಾಲದ ಮೆಥಡ್‌ಗೆ ಕೈಯಾರೆ ಕೊಟ್ಟರೆ ಕ್ರಮ ಕಣ್ಣಿಗೇ ಕಾಣುತ್ತದೆ, ತಪ್ಪಿಸಿದರೆ ಕಂಪೈಲ್ ಆಗುವುದಿಲ್ಲ. ಸ್ವಲ್ಪ ಜಾಸ್ತಿ ಟೈಪ್ ಮಾಡಬೇಕು, ಅಷ್ಟೇ.

ತೂಕ, ಚೀಲದ ಸಂಖ್ಯೆ, ದರ, ಜಾತಿ ಈ ನಾಲ್ಕೂ ಎಲ್ಲ ಕಡೆ ಒಟ್ಟಿಗೇ ಓಡಾಡುತ್ತಿದ್ದವು. 'ಲಾಟ್' ಅಂತ ಕ್ಲಾಸ್ ಮಾಡಿ ಅದರೊಳಗೆ ಹಾಕಿದೆ. ಡೇಟಾ ಇಡಲೆಂದೇ ಜಾವಾದಲ್ಲಿ ಇರುವ 'ರೆಕಾರ್ಡ್' ಬಳಸಿದ್ದರೆ ನಾಲ್ಕೇ ಸಾಲು. ಅದು ಪೂರ್ತಿಯಾಗಿ ಬಂದದ್ದು ಜಾವಾ 16ರಲ್ಲಿ, ಕೌಂಟರಿನ ಯಂತ್ರದಲ್ಲಿ ಇರುವುದು ಜಾವಾ 8. ಅದನ್ನು ಬದಲಿಸುವ ಜಗಳ ಈ ಸೀಸನ್ನಿಗೆ ಬೇಡ ಅಂತ ಬಿಟ್ಟೆ.

ತೆರಿಗೆಯ ಭಾಗ ಬೇರೆಯೇ ಕಥೆ. ಇದೇ ಮೆಥಡ್ ರೈತರ ಬಿಲ್ಲನ್ನೂ, ಹೊರಗೆ ಮಾರುವ ಬಿಲ್ಲನ್ನೂ ಮಾಡುತ್ತಿತ್ತು. ಕರೆಯುವಾಗ 'ಟ್ರೂ, ಫಾಲ್ಸ್, ಟ್ರೂ' ಅಂತ ಕೊಡುತ್ತಿದ್ದರು. ಓದುವವರಿಗೆ ಏನು ತಿಳಿಯಬೇಕು? ಎರಡು ಮೆಥಡ್ ಮಾಡಿದೆ. ಮಾರುವ ಕಡೆಯಲ್ಲಿ ನಿಯಮಗಳು ಪದರ ಪದರವಾಗಿ ಕೂತಿದ್ದವು. 2020ರಲ್ಲಿ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಸೆಸ್ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಬದಲಾಯಿತು. ಅದೇ ವರ್ಷ ಅಕ್ಟೋಬರ್ 1ರಿಂದ ದೊಡ್ಡ ವಹಿವಾಟಿನವರ ಮಾರಾಟದ ಮೇಲೆ ಟಿಸಿಎಸ್ (ಮಾರುವವರು ಹಿಡಿದು ಕಟ್ಟುವ ಆದಾಯ ತೆರಿಗೆ) ಬಂತು. 2021ರ ಜುಲೈ 1ರಿಂದ ಖರೀದಿದಾರರೇ ಹಿಡಿಯುವ 0.1 ಶೇಕಡಾ ಟಿಡಿಎಸ್, ಒಬ್ಬರಿಂದ ವರ್ಷಕ್ಕೆ 50 ಲಕ್ಷ ದಾಟಿದ ಖರೀದಿಗೆ. 2025ರ ಏಪ್ರಿಲ್ 1ರಿಂದ ಆ ಟಿಸಿಎಸ್ ಹೋಯಿತು. ಪ್ರತಿಯೊಂದಕ್ಕೂ ಒಂದು 'ಇಫ್', ಒಳಗೆ ಒಂದು ದಿನಾಂಕ.

ಹೋದ ತೆರಿಗೆಯ ಕೋಡು ಅಳಿಸಬಹುದು ಅಂತ ಅನ್ನಿಸುತ್ತದೆ. ಆದರೆ ಆಡಿಟ್ ಬಂದಾಗ 2022ರ ಬಿಲ್ ಮತ್ತೆ ಅಚ್ಚು ಹಾಕಿ ಅನ್ನುತ್ತಾರೆ. ಆಗ ಆವತ್ತಿನ ಲೆಕ್ಕವೇ ಬರಬೇಕು. ಹಾಗಾಗಿ 'ಇಫ್'ಗಳನ್ನು ತೆಗೆದು ಒಂದು ಟೇಬಲ್ ಮಾಡಿದೆ. ಯಾವ ತೆರಿಗೆ, ಯಾವ ದಿನದಿಂದ, ಯಾವ ದಿನದವರೆಗೆ, ಎಷ್ಟು. ಮೆಥಡ್ ಬಿಲ್ಲಿನ ದಿನಾಂಕ ಕೊಟ್ಟು ದರ ಕೇಳುತ್ತದೆ. ಆ ನಾಲ್ಕನೇ ಚೀಲದ ತೂಕದ ಗುಟ್ಟೂ ಹೀಗೇ ಬಯಲಾಯಿತು. ಹಿಂದೆ ಚೀಲಕ್ಕೆ ಕಳೆಯುತ್ತಿದ್ದ ತೂಕ ಬೇರೆ ಇತ್ತಂತೆ. ಅದು ಬದಲಾದ ದಿನವೇ ಆ ದಿನಾಂಕ. ಅದೂ ಟೇಬಲ್ಲಿಗೆ ಹೋಯಿತು.

ಎಲ್ಲವನ್ನೂ ಸಣ್ಣ ಸಣ್ಣ ಕಮಿಟ್ ಆಗಿ, ಅಂದರೆ ಗಿಟ್‌ನಲ್ಲಿ ಆಗಾಗ ಉಳಿಸುತ್ತಾ, ಮಾಡಿದೆ. ಒಂದು ಹೆಸರು ಬದಲಿಸಿದರೆ ಕಂಪೈಲ್, ತಾಳೆ, ಕಮಿಟ್. ಇದಕ್ಕೆ ಶಾಸ್ತ್ರದ ಕಾರಣಗಳು ಬಹಳ ಇವೆ. ಶಿರಸಿಯ ಮಳೆಗಾಲದಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಯುಪಿಎಸ್ ಕೂಗಲು ಶುರು ಮಾಡುವ ಹೊತ್ತಿಗೆ ಅರ್ಧ ಒಡೆದ ಮೆಥಡ್ ಕೈಯಲ್ಲಿ ಇರಬಾರದು.

ಜೊತೆಗಿದ್ದ ಹುಡುಗನಿಗೆ ಈ ಕೆಲಸ ಬಹಳ ಹಿಡಿಸಿತು. ಎರಡೆರಡು ಸಾಲನ್ನೂ ಮೆಥಡ್ ಮಾಡತೊಡಗಿದ. ತೂಕದಲ್ಲಿ ಚೀಲದ ತೂಕ ಕಳೆಯುವ ಒಂದೇ ಒಂದು ವ್ಯವಕಲನಕ್ಕೆ ಮೂರು ಮೆಥಡ್ ದಾಟಿ ಹೋಗಬೇಕಾಯಿತು. ಓದುವವರು ಮೇಲೆ ಕೆಳಗೆ ಹಾರುತ್ತಲೇ ಇರಬೇಕು. ಕೆಲವನ್ನು ಇಬ್ಬರೂ ಕೂತು ಮತ್ತೆ ಒಳಗೆ ಸೇರಿಸಿದೆವು. ಅದಕ್ಕೂ ಕೀ ಇದೆ, ಕಂಟ್ರೋಲ್, ಆಲ್ಟ್, ಎನ್. ಹೆಸರು ಓದಿ ಒಳಗೆ ಇಣುಕದೆ ಮುಂದೆ ಹೋಗಲು ಆದರೆ ಆ ಮೆಥಡ್ ಇರಲಿ, ಪ್ರತಿ ಸಲ ಇಣುಕಲೇಬೇಕಾದರೆ ಬೇಡ ಅಂತ ನಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡೆವು.

ಈಗ 'ಮೇಕ್‌ಬಿಲ್' ಒಂದು ಪರದೆಯೊಳಗೆ ಮುಗಿಯುತ್ತದೆ. ಹಿರಿಯರನ್ನು ಕರೆದು ತೋರಿಸಿದೆ. ಮೆಥಡ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದರೂ ಪದಗಳು ಅವರವೇ. ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು.

'ಹಮಾಲಿ ಆತು, ಲಾರಿ ಬಾಡಿಗೆ ಆತು. ಸಾಲದ ಬಾಬ್ತು ಕಡೆಗೆ, ಸರಿ ಇದ್ದು.' ಸ್ವಲ್ಪ ತಡೆದು, 'ಮೆಣಸಿಗೆ ಎಂತಕ್ಕೆ ಹಮಾಲಿ ಎರಡು ಸಲ ಹಿಡಿತಾ ಇದ್ದು?' ಅಂದರು.

ನೋಡಿದರೆ ಹೌದು. ಅಡಿಕೆ, ಮೆಣಸು ಎರಡೂ ಒಂದೇ ಬಿಲ್ಲಿನಲ್ಲಿ ಬಂದರೆ ಮಾತ್ರ ಹಾಗಾಗುತ್ತಿತ್ತು. ಹಳೇ ಕೋಡಿನಲ್ಲೂ ಹಾಗೇ ಇತ್ತು. ತಾಳೆ ಸರಿ ಬಂದಿದ್ದರಿಂದ ಟೆಸ್ಟ್ ಹಿಡಿದಿರಲಿಲ್ಲ. ಆರುನೂರು ಸಾಲಿನಲ್ಲಿ ಎರಡು ಹಮಾಲಿಯ ನಡುವೆ ಇನ್ನೂರು ಸಾಲಿನ ಅಂತರ ಇತ್ತು, ಈಗ ಒಂದರ ಕೆಳಗೊಂದು ಕೂತಿತ್ತು. ಇದನ್ನು ಬೇರೆ ಕಮಿಟ್‌ನಲ್ಲಿ ಸರಿ ಮಾಡಿದೆ. ಹಿಂದಿನ ಅಂಥ ಬಿಲ್ಲುಗಳ ಪಟ್ಟಿ ತೆಗೆದುಕೊಟ್ಟೆ, ಆ ದುಡ್ಡನ್ನು ರೈತರ ಖಾತೆಗೆ ಜಮಾ ಮಾಡಿದರು. 'ಎಂತಕ್ಕೆ ದುಡ್ಡು' ಅಂತ ಕೇಳಿದವರು ಆಮೇಲೆ ಕೇಳಲಿಲ್ಲ.

ಚೀಲದ ತೂಕದ ಸಾಲು ಸೇರಿಸಿದ್ದು ಕೊನೆಗೆ. ಕಳೆಯುವ ಜಾಗ ಈಗ ಒಂದೇ ಇರುವುದರಿಂದ ಊಟಕ್ಕೆ ಮೊದಲು ಮುಗಿಯಿತು. ಅಚ್ಚು ಹಾಕುವ ಮೆಥಡ್ ಮಾತ್ರ ಇನ್ನೂ ಉದ್ದವೇ ಇದೆ. ಯಾವ ಕಾಲಂ ಎಲ್ಲಿ ಬರಬೇಕು ಅನ್ನುವ ಸಾಲುಗಳು, ಮೇಲಿಂದ ಕೆಳಗೆ ನೆಟ್ಟಗೆ ಓದಿಕೊಂಡು ಹೋಗಬಹುದು, ಕವಲು ಇಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವವರೆಗೂ ಅದನ್ನು ಯಾರೂ ಮುಟ್ಟುವ ಪ್ರಸಂಗ ಬರಲಿಕ್ಕಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ. ಬಿಗ್‌ಡೆಸಿಮಲ್ ಚೀಟಿ ಇನ್ನೂ ಮೇಜಿನ ಮೇಲಿದೆ, ಅಡಿಕೆ ಕೊಯ್ಲು ಶುರುವಾಗುವ ಮೊದಲು ಮಾಡಬೇಕು.